ಪಟ್ಟಿಯಲ್ಲಿ ಕಳೆದುಹೋಗುವ ಸಾಲು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ರಸ್ತೆಗಳಲ್ಲಿ ಹಗಲು-ರಾತ್ರಿ ಟ್ರ್ಯಾಕ್ಟರುಗಳದೇ ಸದ್ದು. ಕಾರ್ಖಾನೆಯ ಕಾಟಾ ಮೇಲೆ ನಿಂತ ಪ್ರತಿ ಗಾಡಿಗೂ ಒಂದು ತೂಕದ ಚೀಟಿ. ಆ ಚೀಟಿ ಕಂಪ್ಯೂಟರಿಗೆ ಹೋದಾಗ ಒಂದು ಸಾಲಾಗುತ್ತದೆ: ರೈತನ ಕೋಡ್ ನಂಬರು, ಹೆಸರು, ಊರು, ಸರ್ವೆ ನಂಬರು, ಟನ್ನು, ಕಟಾವು ಮಾಡಿದ ಗ್ಯಾಂಗು, ಗಾಡಿ ನಂಬರು, ಬ್ಯಾಂಕ್ ಖಾತೆ. ಒಂದು ಮನೆಯವರು ವರ್ಷವಿಡೀ ನೀರು ಹಾಯಿಸಿ, ಗೊಬ್ಬರ ಹಾಕಿ, ಕಟಾವಿನ ಪಾಳಿಗೆ ಕಾದು ಕೂತದ್ದೆಲ್ಲ ಆ ಒಂದು ಸಾಲಿನೊಳಗೆ ಇರುತ್ತದೆ.

ಇಂಥ ಪಟ್ಟಿಗಳು ಕಬ್ಬಿಗಷ್ಟೇ ಸೀಮಿತವಲ್ಲ. ರಬಕವಿ-ಬನಹಟ್ಟಿಯಲ್ಲಿ ನೇಕಾರರ ಮಜೂರಿಯ ಲೆಕ್ಕ ಉಂಟು. ಕೈಮಗ್ಗದವರಿಗೆ ವರ್ಷಕ್ಕೆ 2,000 ರೂಪಾಯಿ ಕೊಡುವುದರೊಂದಿಗೆ 2020ರಲ್ಲಿ ಆರಂಭವಾಗಿ ಆಮೇಲೆ 5,000ಕ್ಕೆ ಏರಿದ ನೇಕಾರ ಸಮ್ಮಾನ್ ಯೋಜನೆಯ ಫಲಾನುಭವಿಗಳ ಪಟ್ಟಿ ಉಂಟು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟವರ ಕೃಷ್ಣಾ ಮೇಲ್ದಂಡೆ ಯೋಜನೆ (ಯುಕೆಪಿ) ಪಟ್ಟಿ, ಊರೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಸಾಲ-ವಸೂಲಿಯ ಪಟ್ಟಿ. ದೊಡ್ಡ ಸಂಸ್ಥೆಗಳಿಗೆ ತಮ್ಮದೇ ತಂತ್ರಾಂಶ ಇದ್ದರೂ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಬ್ಯಾಂಕಿಗೆ ಹೋಗುವ ಹಾದಿಯಲ್ಲಿ ಇಂಥ ಪಟ್ಟಿ ಎಲ್ಲೋ ಒಂದು ಕಡೆ ಎಕ್ಸೆಲ್ ಹಾಳೆಯಾಗಿ ಹಾಯ್ದು ಹೋಗುವುದೇ ಹೆಚ್ಚು. ಆ ಹಾಳೆಯ ಸಾವಿರಾರು ಸಾಲುಗಳನ್ನು ಕೈಯಿಂದ ನೋಡಲು ಆಗುವುದಿಲ್ಲವೆಂದು ಬಿಸಿಎ, ಡಿಪ್ಲೊಮಾ ಮುಗಿಸಿದ ಯಾರೋ ಒಬ್ಬರು ಒಂದು ಮ್ಯಾಕ್ರೊವನ್ನೋ ಪೈಥಾನ್ ಸ್ಕ್ರಿಪ್ಟನ್ನೋ ಬರೆದಿರುತ್ತಾರೆ. ಗುಂಡಿ ಒತ್ತಿದರೆ ಅದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓಡಿ, ‘ಮುಗಿಯಿತು’ ಎಂದು ತೋರಿಸಿ ನಿಲ್ಲುತ್ತದೆ.

ತೊಂದರೆ ಇರುವುದು ಈ ‘ಮುಗಿಯಿತು’ ಎಂಬ ಮಾತಿನಲ್ಲೇ. ಸ್ಕ್ರಿಪ್ಟು ಓಡಿ ಮುಗಿಯುವುದು ಬೇರೆ, ಸರಿಯಾಗಿ ಓಡುವುದು ಬೇರೆ. ಪಟ್ಟಿಯಲ್ಲಿ ಹೆಸರಿಲ್ಲದ ಹಿರಿಯರೊಬ್ಬರು ಕೌಂಟರಿನ ಮುಂದೆ ನಿಂತು, ‘ತಮ್ಮಾ, ನಮ್ಮ ಬಿಲ್ ಯಾಕ ಬಂದಿಲ್ಲ?’ ಎಂದು ಕೇಳುತ್ತಾರೆ. ‘ಸಿಸ್ಟಮ್‌ದಾಗ ತೋರಸವಲ್ದು ಕಾಕಾ, ಮುಂದಿನ ಲಿಸ್ಟ್‌ನ್ಯಾಗ ಬರಬಹುದು’ ಎಂಬ ಉತ್ತರ ಸಿಗುತ್ತದೆ. ಇಬ್ಬರೂ ಅದನ್ನು ಹಣೆಬರಹ ಎಂದುಕೊಳ್ಳುತ್ತಾರೆ. ಅದು ಹಣೆಬರಹವಲ್ಲ. ಸಾಲಿನಿಂದ ಸಾಲಿಗೆ ಓಡುವ ಈ ಲೂಪಿನ ದೋಷ ಎಂದೂ ಕುರುಡಾಗಿ ಯಾರ ಮೇಲೋ ಬೀಳುವುದಿಲ್ಲ. ಅದಕ್ಕೊಂದು ಲಯ ಇರುತ್ತದೆ, ಆ ಲಯವನ್ನು ಓದಲು ಬಂದರೆ ದೋಷ ಸಿಕ್ಕಿಬೀಳುತ್ತದೆ. ಈ ಲೇಖನದ ಉದ್ದೇಶ ಆ ಓದನ್ನು ವಿವರಿಸುವುದು. ಇಲ್ಲಿ ಬರುವ ಸಾಲುಗಳು, ಚೀಟಿ ನಂಬರುಗಳು ತಿಳಿಸಿ ಹೇಳಲು ಕಟ್ಟಿಕೊಂಡವು, ಯಾವ ಕಾರ್ಖಾನೆಯವೂ ಯಾವ ಕಚೇರಿಯವೂ ಅಲ್ಲ.

ಮಗ್ಗದಿಂದ ಬಂದ ಲೂಪು

ಲೂಪು ಎಂದರೆ ಒಂದೇ ಕೆಲಸವನ್ನು ಸಾಲಿನಿಂದ ಸಾಲಿಗೆ ಮರುಕಳಿಸುವ ಆಜ್ಞೆ. ‘ಎರಡನೆಯ ಸಾಲಿನಿಂದ ಕೊನೆಯ ಸಾಲಿನವರೆಗೆ, ಪ್ರತಿ ಸಾಲಿನಲ್ಲೂ ಟನ್ನನ್ನು ದರದಿಂದ ಗುಣಿಸು, ಮುಂದಿನ ಮನೆಯಲ್ಲಿ ಬರೆ’ ಎಂದರೆ ಅದು ಲೂಪು. ಬನಹಟ್ಟಿಯವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ. ಸೀರೆಯ ಅಂಚಿಗೆ, ಸೆರಗಿಗೆ ಚಿತ್ತಾರ ಎತ್ತುವ ಜಕಾರ್ಡ್ ಯಂತ್ರದಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಒಂದಕ್ಕೊಂದು ಕಟ್ಟಿ ಸರಪಳಿ ಮಾಡಿರುತ್ತಾರೆ. ಒಂದೊಂದು ಹೊಕ್ಕಿಗೆ ಒಂದೊಂದು ಕಾರ್ಡು. ತೂತು ಇದ್ದಲ್ಲಿ ಹಾಸಿನ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಕೊನೆಯ ಕಾರ್ಡು ಮುಗಿದರೆ ಮತ್ತೆ ಮೊದಲನೆಯದು ಬರುತ್ತದೆ.

ಇದು ಬರೀ ಹೋಲಿಕೆಯಲ್ಲ, ಇತಿಹಾಸ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ ಈ ಯಂತ್ರವನ್ನು ರೂಪಿಸಿದ್ದು 1804ರ ಸುಮಾರಿಗೆ. 1839ರಲ್ಲಿ ಅವನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು, ಅದಕ್ಕೆ ಬೇಕಾದ ಕಾರ್ಡುಗಳು ಸುಮಾರು 24,000. ಅದರ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ತನ್ನ ಲೆಕ್ಕದ ಯಂತ್ರಕ್ಕೂ ಅವನು ಇದೇ ಕಾರ್ಡುಗಳನ್ನು ಆರಿಸಿಕೊಂಡ. ಆ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ನೇಯ್ಗೆಯಲ್ಲಿದ್ದಂತೆ ಕಾರ್ಡುಗಳು ಮುಂದಕ್ಕೆ ಮಾತ್ರ ಸರಿದರೆ ಸಾಲದು, ಒಂದು ಗುಂಪಿನ ಕಾರ್ಡುಗಳನ್ನು ಹಿಂದಕ್ಕೆ ತಿರುಗಿಸಿ ಬೇಕಾದಷ್ಟು ಸಲ ಮತ್ತೆ ಬಳಸುವಂತಿರಬೇಕು ಎಂದು ವಿವರಿಸಿದಳು. ಇಂದಿನ ಲೂಪಿನ ಕಲ್ಪನೆ ಅಲ್ಲೇ ಇದೆ. ಮುಂದೆ 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲೆರಿತ್ ತೂತಿನ ಕಾರ್ಡಿನಲ್ಲಿ ಒಬ್ಬೊಬ್ಬ ಮನುಷ್ಯನ ಮಾಹಿತಿ ತುಂಬಿದ. ಒಂದು ಕಾರ್ಡಿಗೆ ಒಬ್ಬ ಮನುಷ್ಯ. 1979ರಲ್ಲಿ ವಿಸಿಕ್ಯಾಲ್ಕ್ ಬಂದಾಗ ಕಂಪ್ಯೂಟರಿನ ಪರದೆಯ ಮೇಲೆ ಲೆಕ್ಕದ ಹಾಳೆ ಮೂಡಿತು. ಇಂದು ಕಬ್ಬಿನ ಪಟ್ಟಿಯಲ್ಲಿ ಒಂದು ಸಾಲಿಗೆ ಒಂದು ಚೀಟಿ ಇರುವುದು ಆ ವಂಶದ್ದೇ ರೂಢಿ.

ಮಗ್ಗದ ಮುಂದೆ ಕೂತವರು ಬಟ್ಟೆಯಲ್ಲಿ ದೋಷ ಕಂಡಾಗ ಮೊದಲು ನೋಡುವುದು ಅದು ಎಲ್ಲೆಲ್ಲಿ ಬಂದಿದೆ ಎಂದು. ಸಮ ಅಂತರದಲ್ಲಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದಿದ್ದರೆ ಕಾರ್ಡಿನ ತೂತು ತಪ್ಪಿದೆ. ಉದ್ದಕ್ಕೆ ಗೆರೆಯಂತೆ ಇಳಿದಿದ್ದರೆ ಹಾಸಿನ ಎಳೆ ಹರಿದಿದೆ ಅಥವಾ ಕೊಕ್ಕೆ ಎತ್ತುತ್ತಿಲ್ಲ. ಎಲ್ಲೋ ಒಂದು ಕಡೆ ಮಾತ್ರ ಇದ್ದರೆ ಹೊಕ್ಕಿನ ನೂಲು. ಯಂತ್ರ ಬಿಚ್ಚುವ ಮೊದಲೇ ಬಟ್ಟೆ ಅರ್ಧ ಉತ್ತರ ಹೇಳಿರುತ್ತದೆ. ಪಟ್ಟಿಯ ದೋಷವನ್ನೂ ಹೀಗೆಯೇ ಓದಬೇಕು. ನೂರಾರು ಗೆರೆಯ ಕೋಡನ್ನು ಮೇಲಿಂದ ಓದಲು ಕೂರುವ ಮೊದಲು, ತಪ್ಪಿದ ಸಾಲುಗಳನ್ನು ಒಂದು ಕಡೆ ಬರೆದುಕೊಂಡು ಅವುಗಳಲ್ಲಿ ಸಮಾನವಾದದ್ದು ಏನೆಂದು ನೋಡಬೇಕು.

ಅಳಿಸುತ್ತ ಇಳಿಯುವ ಲೂಪು

ತೀರ ಸಾಮಾನ್ಯವಾದ, ಆದರೆ ಕಣ್ಣಿಗೆ ಬೀಳದ ದೋಷವೊಂದನ್ನು ನಿಧಾನವಾಗಿ ನೋಡೋಣ. ಒಂದೇ ತೂಕದ ಚೀಟಿ ಪಟ್ಟಿಯಲ್ಲಿ ಎರಡು-ಮೂರು ಸಲ ನಮೂದಾಗುವುದುಂಟು. ಕರೆಂಟ್ ಹೋಗಿ ಬಂದಾಗ ಮತ್ತೆ ಒತ್ತಿರುತ್ತಾರೆ, ಇಲ್ಲವೇ ಎರಡು ಪಾಳಿಯವರ ಹಾಳೆಗಳನ್ನು ಒಂದರ ಕೆಳಗೊಂದು ಸೇರಿಸಿರುತ್ತಾರೆ. ಇಂಥವನ್ನು ತೆಗೆಯಲು ಒಂದು ಮ್ಯಾಕ್ರೊ: ಪಟ್ಟಿಯನ್ನು ಚೀಟಿ ನಂಬರಿನ ಪ್ರಕಾರ ಜೋಡಿಸು, ಮೂರನೆಯ ಸಾಲಿನಿಂದ ಕೆಳಗೆ ಇಳಿಯುತ್ತ ಹೋಗು, ಈ ಸಾಲಿನ ಚೀಟಿ ನಂಬರು ಮೇಲಿನ ಸಾಲಿನದೇ ಆಗಿದ್ದರೆ ಈ ಸಾಲನ್ನು ಅಳಿಸು. ಓದಿದರೆ ಇದರಲ್ಲಿ ಎಲ್ಲೂ ತಪ್ಪು ಕಾಣುವುದಿಲ್ಲ.

ಹಾಳೆಯಲ್ಲಿ ಮೊದಲ ಸಾಲು ಶೀರ್ಷಿಕೆ. ಎರಡನೆಯ ಸಾಲಿನಲ್ಲಿ ಚೀಟಿ 4101. ಮೂರು, ನಾಲ್ಕು, ಐದನೆಯ ಸಾಲುಗಳಲ್ಲಿ ಒಂದೇ ಚೀಟಿ, 4102. ಆರನೆಯದರಲ್ಲಿ 4103. ಈಗ ಲೂಪು ಇಳಿಯುತ್ತದೆ. ಮೂರನೆಯ ಸಾಲು: 4102, ಮೇಲೆ 4101, ಬೇರೆ ಬೇರೆ, ಬಿಟ್ಟು ಮುಂದೆ. ನಾಲ್ಕನೆಯ ಸಾಲು: 4102, ಮೇಲೆಯೂ 4102, ಅಳಿಸಿತು. ಅಳಿಸಿದ ಕೂಡಲೇ ಕೆಳಗಿನ ಸಾಲುಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಬಂದವು. ಐದರಲ್ಲಿದ್ದ ಮೂರನೆಯ 4102 ಈಗ ನಾಲ್ಕನೆಯ ಸಾಲು, ಆರರಲ್ಲಿದ್ದ 4103 ಈಗ ಐದನೆಯದು. ಲೂಪಿಗೆ ಇದು ಗೊತ್ತಿಲ್ಲ. ನಾಲ್ಕು ಮುಗಿಯಿತು ಎಂದು ಐದಕ್ಕೆ ಹೋಗುತ್ತದೆ. ಅಲ್ಲಿ 4103, ಮೇಲೆ 4102, ಬೇರೆ ಬೇರೆ, ಮುಂದೆ. ನಾಲ್ಕಕ್ಕೆ ಏರಿ ಕೂತ 4102ನ್ನು ಯಾರೂ ನೋಡಲಿಲ್ಲ. ಆ ಚೀಟಿಗೆ ಎರಡು ಸಲ ಬಿಲ್ಲಾಗುತ್ತದೆ.

ಇದರ ಲಯ ಗಮನಿಸಿ. ಒಂದು ಚೀಟಿ ಎರಡೇ ಸಲ ನಮೂದಾಗಿದ್ದರೆ ಮ್ಯಾಕ್ರೊ ಸರಿಯಾಗಿಯೇ ತೆಗೆಯುತ್ತದೆ. ಮೂರು ಸಲ ಇದ್ದರೆ ಎರಡು ಉಳಿಯುತ್ತವೆ. ನಾಲ್ಕು ಸಲ ಇದ್ದರೂ ಎರಡು. ಐದು ಸಲ ಇದ್ದರೆ ಮೂರು. ಪರೀಕ್ಷೆ ಮಾಡುವಾಗ ಎಲ್ಲರೂ ಒಂದು ಸಾಲನ್ನು ಒಂದು ಸಲ ನಕಲು ಮಾಡಿ ನೋಡುತ್ತಾರೆ, ಜೋಡಿ ಹೋಯಿತು, ಮ್ಯಾಕ್ರೊ ಸರಿ ಇದೆ ಎನ್ನುತ್ತಾರೆ. ಮೂರನೆಯ ನಕಲಿಟ್ಟು ನೋಡಿದವರಿಗೆ ಮಾತ್ರ ದೋಷ ಕಾಣುತ್ತದೆ. ಇದಕ್ಕೆ ಕಚೇರಿಗಳಲ್ಲಿ ಹುಟ್ಟಿಕೊಳ್ಳುವ ಪರಿಹಾರವೂ ಅಪಾಯಕಾರಿ: ‘ಎರಡು ಸಲ ಓಡಿಸ್ರಿ, ಹೋಗ್ತಾವ.’ ಹೌದು, ಮೂರಿದ್ದದ್ದು ಎರಡನೆಯ ಓಟಕ್ಕೆ ಒಂದಾಗುತ್ತದೆ. ಐದಿದ್ದದ್ದಕ್ಕೆ ಮೂರು ಓಟ ಬೇಕು. ಎಷ್ಟು ಸಲ ಓಡಿಸಬೇಕೆಂದು ಹೇಳಲಾಗದ ಔಷಧಿ ಔಷಧಿಯಲ್ಲ.

ಸರಿಯಾದ ದಾರಿ ಕೆಳಗಿನಿಂದ ಮೇಲಕ್ಕೆ ಹತ್ತುವುದು. ಕೊನೆಯ ಸಾಲಿನಿಂದ ಶುರುಮಾಡಿದರೆ ಅಳಿಸಿದಾಗ ಜರುಗುವ ಸಾಲುಗಳೆಲ್ಲ ಈಗಾಗಲೇ ನೋಡಿ ಮುಗಿಸಿದವು. ನೋಡಬೇಕಾದವು ತಮ್ಮ ಜಾಗದಲ್ಲೇ ಇರುತ್ತವೆ. ಐದನೆಯ ಸಾಲಿನ 4102 ಹೋಯಿತು, ನಾಲ್ಕನೆಯದೂ ಹೋಯಿತು, ಮೂರನೆಯದು ಉಳಿಯಿತು. ಮ್ಯಾಕ್ರೊದಲ್ಲಿ ಬದಲಾಗುವುದು ಒಂದೇ ಗೆರೆ. ಆದರೆ ಹಣದ ಪಟ್ಟಿಯಲ್ಲಿ ನಾನು ಇದಕ್ಕೂ ಒಪ್ಪುವುದಿಲ್ಲ. ಅಳಿಸಲೇಬಾರದು. ಪಕ್ಕದಲ್ಲೊಂದು ಅಂಕಣ ಸೇರಿಸಿ ‘ಮರುನಮೂದು’ ಎಂದು ಗುರುತು ಹಾಕಬೇಕು, ಬಿಲ್ಲು ಮಾಡುವಾಗ ಗುರುತಿಲ್ಲದ ಸಾಲುಗಳನ್ನಷ್ಟೇ ಎತ್ತಿಕೊಳ್ಳಬೇಕು. ನಾಳೆ ರೈತರು ಬಂದು ‘ಇದು ಬೇರೆ ಗಾಡಿ, ಬೇರೆ ಚೀಟಿ’ ಎಂದರೆ ತೋರಿಸಲು ಸಾಲು ಇರಬೇಕಲ್ಲ. ಗುರುತು ಹಾಕುವಾಗ ಹೆಸರನ್ನು ನಂಬಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ತಂದೆಯ ಹೆಸರು, ಒಂದೇ ಅಡ್ಡಹೆಸರಿನ ಇಬ್ಬರು ಇರುವುದು ನಮ್ಮ ಕಡೆ ಅಪರೂಪವೇನಲ್ಲ. ಚೀಟಿ ನಂಬರು, ಕೋಡ್ ನಂಬರು ಮಾತ್ರ ಆಧಾರ.

ಪಕ್ಕದವರ ಖಾತೆಗೆ ಹೋಗುವ ಹಣ

ಎರಡನೆಯ ದೋಷ ಇದಕ್ಕಿಂತ ಕೆಟ್ಟದ್ದು. ಮೊದಲನೆಯದರಲ್ಲಿ ಲೆಕ್ಕ ಹೆಚ್ಚು-ಕಡಿಮೆಯಾಗಿ ಕೊನೆಗೆ ಸಿಗುತ್ತದೆ. ಇದರಲ್ಲಿ ಒಟ್ಟು ಮೊತ್ತವೂ ತಾಳೆಯಾಗುತ್ತದೆ, ಸಾಲುಗಳ ಎಣಿಕೆಯೂ ತಾಳೆಯಾಗುತ್ತದೆ, ಹಣ ಮಾತ್ರ ಬೇರೆಯವರಿಗೆ ಹೋಗಿರುತ್ತದೆ.

ಬಿಲ್ಲಿನ ಹಾಳೆಯಲ್ಲಿ ರೈತರ ಕೋಡ್ ಇದೆ, ಬ್ಯಾಂಕ್ ಖಾತೆಗಳು ಇನ್ನೊಂದು ಹಾಳೆಯಲ್ಲಿವೆ. ಲೂಪು ಪ್ರತಿ ಸಾಲಿಗೂ ಕೋಡ್ ಹಿಡಿದುಕೊಂಡು ಎರಡನೆಯ ಹಾಳೆಗೆ ಹೋಗಿ, ವಿ-ಲುಕಪ್ ಮಾಡಿ, ಸಿಕ್ಕ ಖಾತೆ ಸಂಖ್ಯೆಯನ್ನು ಒಂದು ಹೆಸರಿನಲ್ಲಿ ಇಟ್ಟುಕೊಂಡು ತಂದು ಬರೆಯುತ್ತದೆ. ಯಾರದಾದರೂ ಕೋಡ್ ಅಲ್ಲಿ ಇಲ್ಲದಿದ್ದರೆ ಮ್ಯಾಕ್ರೊ ಎರರ್ ಕೊಟ್ಟು ನಿಂತುಬಿಡುತ್ತದೆ. ನಿಂತರೆ ಕಿರಿಕಿರಿ, ಬಿಲ್ಲು ಇವತ್ತೇ ಹೋಗಬೇಕು. ಹಾಗಾಗಿ ಬರೆದವರು ಮೇಲ್ಗಡೆ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂಬ ಒಂದು ಗೆರೆ ಸೇರಿಸುತ್ತಾರೆ. ತಪ್ಪು ಬಂದರೆ ಲೆಕ್ಕಿಸಬೇಡ, ಮುಂದಿನ ಗೆರೆಗೆ ಹೋಗು ಎಂದು ಅದರ ಆಜ್ಞೆ.

ಈಗ ನಡೆಯುವುದು ಇದು. ಹನ್ನೊಂದನೆಯ ಸಾಲಿನ ರೈತರ ಖಾತೆ ಸಿಕ್ಕಿತು, ಬರೆಯಿತು. ಹನ್ನೆರಡನೆಯವರ ಕೋಡ್ ಖಾತೆಯ ಹಾಳೆಯಲ್ಲಿಲ್ಲ. ಹುಡುಕುವ ಗೆರೆ ಸೋತಿತು, ಆದರೆ ನಿಲ್ಲಬೇಡ ಎಂದು ಹೇಳಿದ್ದಾರಲ್ಲ, ಮುಂದಿನ ಗೆರೆಗೆ ಹೋಯಿತು. ಅಲ್ಲಿ ಖಾತೆ ಸಂಖ್ಯೆ ಬರೆ ಎಂದಿದೆ. ನೆನಪಿನಲ್ಲಿ ಇನ್ನೂ ಹನ್ನೊಂದನೆಯವರ ಸಂಖ್ಯೆಯೇ ಕೂತಿದೆ. ಅದನ್ನೇ ಹನ್ನೆರಡನೆಯ ಸಾಲಿನಲ್ಲೂ ಬರೆಯಿತು. ಹಾಳೆಯಲ್ಲಿ ಖಾಲಿ ಮನೆಯಿಲ್ಲ, ಕೆಂಪು ಗುರುತಿಲ್ಲ, ಎಲ್ಲ ಭರ್ತಿ. ಎನ್‌ಇಎಫ್‌ಟಿಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಕಳಿಸುವ ಮೊದಲು ಖಾತೆದಾರರ ಹೆಸರು ನೋಡಿಕೊಳ್ಳುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳು ಕೊಡಬೇಕಾದದ್ದು 2025ರ ಏಪ್ರಿಲ್ 1ರಿಂದ. ಅದನ್ನು ಬಳಸದೆ ಸಾವಿರ ಸಾಲಿನ ಫೈಲನ್ನು ಒಟ್ಟಿಗೆ ಕಳಿಸಿದರೆ ತಡೆಯುವವರು ಯಾರೂ ಇಲ್ಲ.

ಹನ್ನೊಂದನೆಯವರು, ಹನ್ನೆರಡನೆಯವರು ಎಂದು ನಾನು ಬರೆಯುತ್ತಿದ್ದೇನೆ. ಪಟ್ಟಿ ಊರಿನ ಪ್ರಕಾರ ಜೋಡಿಸಿದ್ದರೆ ಅವರು ಅಕ್ಕಪಕ್ಕದ ಹೊಲದವರು, ಅಣ್ಣತಮ್ಮಂದಿರು, ಕೆಲವೊಮ್ಮೆ ಬಾಂದಿನ ವಿಷಯಕ್ಕೆ ಮಾತು ಬಿಟ್ಟವರು. ಒಬ್ಬರ ಕಬ್ಬಿನ ದುಡ್ಡು ಇನ್ನೊಬ್ಬರ ಖಾತೆಯಲ್ಲಿ ಬಂದು ಕೂತರೆ, ಅವರು ಅದನ್ನು ತಮ್ಮದೇ ಎರಡನೆಯ ಕಂತು ಎಂದುಕೊಂಡು ಖರ್ಚು ಮಾಡಿದ್ದರೆ, ಆಗ ಹುಟ್ಟುವ ಮನಸ್ತಾಪವನ್ನು ಯಾವ ಮ್ಯಾಕ್ರೊ ಸರಿಪಡಿಸುತ್ತದೆ? ಆದ್ದರಿಂದ ನನ್ನ ಅಭಿಪ್ರಾಯ ಖಡಾಖಂಡಿತ: ಹಣ ಹಂಚುವ ಸ್ಕ್ರಿಪ್ಟಿನಲ್ಲಿ ಆ ಗೆರೆ ಇರಲೇಬಾರದು. ಪೈಥಾನ್‌ನಲ್ಲಿ ಎರರನ್ನು ಹಿಡಿದು ಸುಮ್ಮನೆ ‘ಪಾಸ್’ ಎಂದು ಬಿಡುವುದೂ ಅದೇ ಜಾತಿಯದು. ಲೂಪಿನ ಪ್ರತಿ ಸುತ್ತಿನ ಮೊದಲ ಕೆಲಸ ಹಿಂದಿನ ಸಾಲಿನ ನೆನಪನ್ನು ಅಳಿಸುವುದಾಗಬೇಕು. ಖಾತೆ ಸಿಗದಿದ್ದರೆ ಸಾಲನ್ನು ಖಾಲಿ ಬಿಟ್ಟು, ಬೇರೊಂದು ಹಾಳೆಯಲ್ಲಿ ‘ಖಾತೆ ಸಿಗದವರು’ ಎಂದು ಬರೆದಿಡಬೇಕು. ಈಗಾಗಲೇ ಹಳೆಯ ಪಟ್ಟಿಗಳ ಮೇಲೆ ಅನುಮಾನ ಇದ್ದರೆ ಒಂದು ಸುಲಭ ತಪಾಸಣೆ ಇದೆ: ಒಂದರ ಕೆಳಗೊಂದು ಬರುವ ಎರಡು ಸಾಲುಗಳಲ್ಲಿ ಕೋಡ್ ಬೇರೆ, ಖಾತೆ ಒಂದೇ ಇದೆಯೇ ನೋಡಿ. ಇದ್ದರೆ ಜಂಟಿ ಖಾತೆಯೋ ಈ ದೋಷವೋ ಎಂದು ವಿಚಾರಿಸಲೇಬೇಕು.

ಮೊದಲು, ಕೊನೆ

ಲೂಪು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಆಗುವ ತಪ್ಪುಗಳನ್ನು ಬೇಗ ಹೇಳಿ ಮುಗಿಸಬಹುದು. ಎಕ್ಸೆಲ್ ಸಾಲುಗಳನ್ನು ಒಂದರಿಂದ ಎಣಿಸುತ್ತದೆ, ಪೈಥಾನ್ ತನ್ನ ಪಟ್ಟಿಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಪೈಥಾನ್‌ನಲ್ಲಿ ಎರಡರಿಂದ ನೂರರವರೆಗೆ ಎಂದು ರೇಂಜ್ ಕೊಟ್ಟರೆ ಅದು ತೊಂಬತ್ತೊಂಬತ್ತಕ್ಕೇ ನಿಲ್ಲುತ್ತದೆ. ಹೀಗೆ ಪಟ್ಟಿಯ ಕೊನೆಯ ಒಂದು ಸಾಲು ಬಿಟ್ಟುಹೋಗುತ್ತದೆ. ಪಟ್ಟಿ ಅಕಾರಾದಿಯಾಗಿದ್ದರೆ ಪ್ರತಿ ಸಲವೂ ಬಿಟ್ಟುಹೋಗುವವರು ಹನುಮಂತಪ್ಪ, ಹೊನ್ನವ್ವ ಮುಂತಾಗಿ ‘ಹ’ಕಾರದ ಹೆಸರಿನವರೇ. ಅವರಿಗೆ ಮಾತ್ರ ಪ್ರತಿ ಕಂತಿಗೂ ತಡ ಏಕೆ ಎಂಬುದಕ್ಕೆ ಊರಿನಲ್ಲಿ ನೂರು ಕಾರಣ ಹುಟ್ಟಿಕೊಳ್ಳಬಹುದು, ನಿಜವಾದ ಕಾರಣ ಒಂದು ಅಂಕಿ. ‘ಖಾಲಿ ಸಾಲು ಬರುವವರೆಗೆ ಓಡು’ ಎಂದು ಬರೆದ ಲೂಪು ನಡುವೆ ಯಾರೋ ಅಂದಕ್ಕೆಂದು ಬಿಟ್ಟ ಒಂದು ಖಾಲಿ ಸಾಲಿಗೆ ಬಂದು ನಿಲ್ಲುತ್ತದೆ, ಅದರ ಕೆಳಗಿನ ಊರುಗಳೆಲ್ಲ ಹೋದಂತೆ. ಎಕ್ಸೆಲ್ ಮ್ಯಾಕ್ರೊ ಬರೆಯುವ ವಿಬಿಎ ಭಾಷೆಯಲ್ಲಿ ಸಾಲಿನ ಎಣಿಕೆಯನ್ನು ಇಂಟೀಜರ್ ಎಂದು ಘೋಷಿಸಿದರೆ 32,767 ದಾಟಿದ ಕೂಡಲೇ ಓವರ್‌ಫ್ಲೋ ಎಂದು ಮುರಿದು ಬೀಳುತ್ತದೆ. ಲಾಂಗ್ ಎಂದು ಘೋಷಿಸಿದರೆ ಆ ತೊಂದರೆಯಿಲ್ಲ.

ದೊಡ್ಡವರ ಮನೆಯಲ್ಲೂ ಇದು ಆಗಿದೆ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯದ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಹಾಳೆಗೆ ತುಂಬುತ್ತಿದ್ದರು, ಅದು ಹಿಡಿಯುವುದು 65,536 ಸಾಲುಗಳನ್ನು ಮಾತ್ರ. ಹೀಗೆ ಬಿಟ್ಟುಹೋದವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಸರ್ಕಾರಗಳ ಸಾಲದ ಬಗ್ಗೆ ಪ್ರಕಟಿಸಿದ ಹೆಸರಾಂತ ಪ್ರಬಂಧದ ಹಾಳೆಯಲ್ಲಿ ಸರಾಸರಿಯ ಸೂತ್ರ 49ನೆಯ ಸಾಲಿನವರೆಗೆ ಹೋಗಬೇಕಾದದ್ದು 44ಕ್ಕೆ ನಿಂತಿತ್ತು, ಐದು ದೇಶಗಳು ಬಿಟ್ಟುಹೋಗಿದ್ದವು. ಅದನ್ನು 2013ರಲ್ಲಿ ಕಂಡುಹಿಡಿದದ್ದು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ಅವನು ಮೂಲ ಹಾಳೆಯನ್ನು ಕೇಳಿ ಪಡೆದು ಸಾಲುಗಳನ್ನು ತಾನೇ ನೋಡಿದ್ದ.

ಲೂಪು ಸರಿ, ಸಾಲೇ ಬೇರೆ

ಕೆಲವು ಸಲ ಲೂಪಿನಲ್ಲಿ ಹುಳುಕಿರುವುದಿಲ್ಲ. ಕಣ್ಣಿಗೆ ಕಾಣುವುದು ಒಂದು, ಹಾಳೆಯ ಮನೆಯಲ್ಲಿ ಇರುವುದು ಇನ್ನೊಂದು. ಬೀಳಗಿಯಂಥ ತಾಲ್ಲೂಕಿನಲ್ಲಿ ಇದರ ಬಿಸಿ ಹೆಚ್ಚು ತಟ್ಟಬಹುದಾದದ್ದು ಸರ್ವೆ ನಂಬರಿಗೆ. ಉತಾರದಲ್ಲಿ 5/2 ಎಂದಿರುವುದನ್ನು ಎಕ್ಸೆಲ್ ಹಾಳೆಯಲ್ಲಿ ಹಾಗೆಯೇ ಟೈಪ್ ಮಾಡಿದರೆ ಅದು ಫೆಬ್ರುವರಿ 5 ಎಂಬ ದಿನಾಂಕವಾಗುತ್ತದೆ. 2025ರಲ್ಲಿ ಟೈಪ್ ಮಾಡಿದ್ದರೆ ಒಳಗೆ ಕೂರುವ ಅಂಕಿ 45693. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಾದರೆ ಅದೇ 5/2 ಮೇ 2 ಆಗಿ 45779 ಆಗುತ್ತದೆ. 14/25 ಎಂಬುದು ಯಾವ ದಿನಾಂಕವೂ ಆಗದ ಕಾರಣ ಅಕ್ಷರವಾಗಿಯೇ ಉಳಿಯುತ್ತದೆ. ಒಂದೇ ಅಂಕಣದಲ್ಲಿ ಕೆಲವು ಹೊಲ ಹೊಲವಾಗಿ, ಕೆಲವು ದಿನಾಂಕವಾಗಿ ನಿಲ್ಲುತ್ತವೆ. ಪರಿಹಾರದ ಪಟ್ಟಿಯನ್ನು ಪಹಣಿ ಪಟ್ಟಿಯೊಂದಿಗೆ ಹೋಲಿಸುವ ಲೂಪಿಗೆ ದಿನಾಂಕವಾದ ಹೊಲಗಳು ಸಿಗುವುದೇ ಇಲ್ಲ. ನೀರಿನಲ್ಲಿ ಮುಳುಗಿದ ಭೂಮಿ ಹಾಳೆಯಲ್ಲಿ ಎರಡನೆಯ ಸಲ ಮುಳುಗುತ್ತದೆ. ಇದು ಎಷ್ಟು ವ್ಯಾಪಕವೆಂದರೆ, ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ‘ಮಾರ್ಚ್1’, ‘ಸೆಪ್ಟ್1’ ಎಂಬಂಥ ಹೆಸರುಗಳು ದಿನಾಂಕವಾಗುತ್ತಿವೆ ಎಂದು ಅವನ್ನೇ ಬದಲಿಸಿದ್ದನ್ನು 2020ರಲ್ಲಿ ತಿಳಿಸಿತು. ನಮ್ಮ ಸರ್ವೆ ನಂಬರುಗಳನ್ನು ಬದಲಿಸಲು ಬರುವುದಿಲ್ಲ. ಟೈಪ್ ಮಾಡುವ ಮೊದಲೇ ಆ ಅಂಕಣವನ್ನು ಟೆಕ್ಸ್ಟ್ ಎಂದು ಮಾಡಿಕೊಳ್ಳಬೇಕು. ಒಮ್ಮೆ ದಿನಾಂಕವಾದ ಮೇಲೆ ಟೆಕ್ಸ್ಟ್ ಮಾಡಿದರೆ 45693 ಎಂದೇ ಉಳಿಯುತ್ತದೆ.

ಖಾತೆ ಸಂಖ್ಯೆಗೂ ಇದೇ ಎಚ್ಚರ ಬೇಕು. ಎಕ್ಸೆಲ್ ಸಂಖ್ಯೆಯಾಗಿ ನೆನಪಿಡುವುದು 15 ಅಂಕಿಗಳನ್ನು. 16 ಅಂಕಿಯ ಖಾತೆಯನ್ನು ಸಂಖ್ಯೆಯಾಗಿ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಎದುರಿಗಿರುವ ಸೊನ್ನೆಗಳು ಉದುರಿಹೋಗುತ್ತವೆ. ಒಂದೇ ಬ್ಯಾಂಕಿನ ಗ್ರಾಹಕರೆಲ್ಲರ ಹಣ ವಾಪಸು ಬಂದರೆ ಕೋಡ್ ಓದುವ ಮೊದಲು ಈ ಅಂಕಣವನ್ನು ನೋಡಬೇಕು.

ಕನ್ನಡದ ಹೆಸರುಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಯುನಿಕೋಡ್‌ನಲ್ಲಿ ‘ದೊಡ್ಡವ್ವ’ ಎಂಬುದರ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಸಿ ನೋಡುವ ಸ್ಕ್ರಿಪ್ಟಿಗೆ ಅವು ಬೇರೆ ಬೇರೆ. ‘ರೇಣುಕಾ’, ‘ಗೋವಿಂದ’ ಎಂಬಲ್ಲಿನ ದೀರ್ಘಗಳಿಗೂ ಇದೇ ಮಾತು. ನಾರ್ಮಲೈಸ್ ಮಾಡುವ ಒಂದು ಗೆರೆ ಸೇರಿಸಿದರೆ ಇದು ಸರಿಹೋಗುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ವಿಧಾನದಲ್ಲಿ ಟೈಪ್ ಮಾಡಿದ ಹೆಸರಾದರೆ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಗೋಜಲು. ಅದನ್ನು ಯುನಿಕೋಡಿಗೆ ಪರಿವರ್ತಿಸದೆ ಲೂಪಿಗೆ ಕೊಡಲೇಬಾರದು. ಕನ್ನಡದ ಸೊನ್ನೆ ‘೦’ ಮತ್ತು ಅನುಸ್ವಾರ ‘ಂ’ ಅದಲುಬದಲಾಗುವುದೂ ಉಂಟು. ಕನ್ನಡದಲ್ಲಿ ಪಟ್ಟಿ ಇಡಬೇಕು ಎನ್ನುವವರ ಪೈಕಿ ನಾನೂ ಒಬ್ಬ. ಅದಕ್ಕಾಗಿಯೇ ಈ ಸೂಕ್ಷ್ಮಗಳನ್ನು ಕಲಿಯುವುದು ನಮ್ಮ ಕೆಲಸ ಎನ್ನುತ್ತೇನೆ. ಬೇರೆ ಭಾಷೆಯವರು ಇದನ್ನು ನಮಗಾಗಿ ನೋಡಿಕೊಡುವುದಿಲ್ಲ.

ಹುಡುಕುವ ಬಗೆ

ಹಾಗಾದರೆ ದೋಷ ಹುಡುಕುವುದು ಹೇಗೆ? ಮೊದಲ ಸಾಧನ ಕಾಗದ ಮತ್ತು ಪೆನ್ಸಿಲ್. ದೊಡ್ಡ ಹಾಳೆಯಿಂದ ಏಳೆಂಟು ಸಾಲು ಎತ್ತಿಕೊಳ್ಳಬೇಕು, ಅವು ಸುಲಭದ ಸಾಲುಗಳಾಗಬಾರದು. ಮೂರು ಸಲ ನಮೂದಾದ ಒಂದು ಚೀಟಿ, ಖಾತೆಯಿಲ್ಲದ ಒಬ್ಬ ರೈತ, ನಡುವೆ ಒಂದು ಖಾಲಿ ಸಾಲು, 5/2ರಂಥ ಸರ್ವೆ ನಂಬರು, ಕೊನೆಗೊಂದು ‘ಹ’ಕಾರದ ಹೆಸರು. ಫಲಿತಾಂಶ ಏನು ಬರಬೇಕೆಂದು ಮೊದಲೇ ಕೈಯಿಂದ ಬರೆದಿಟ್ಟುಕೊಳ್ಳಬೇಕು. ಆಮೇಲೆ ಮ್ಯಾಕ್ರೊವನ್ನು ಎಫ್‌8 ಒತ್ತುತ್ತ ಒಂದೊಂದೇ ಗೆರೆ ನಡೆಸುತ್ತ, ಸಾಲಿನ ನಂಬರು ಎಷ್ಟು, ಖಾತೆ ಸಂಖ್ಯೆಯ ನೆನಪಿನಲ್ಲಿ ಏನಿದೆ ಎಂದು ಪ್ರತಿ ಸುತ್ತಿನಲ್ಲೂ ನೋಡಬೇಕು. ನಾವು ಅಂದುಕೊಂಡದ್ದಕ್ಕೂ ಯಂತ್ರ ಮಾಡಿದ್ದಕ್ಕೂ ಯಾವ ಸುತ್ತಿನಲ್ಲಿ ಬೇರೆಯಾಯಿತೋ ಅಲ್ಲೇ ದೋಷ.

ಸಾಲುಗಳು ಎಂಟು ಸಾವಿರ ಇದ್ದು, ಯಾವುದೋ ಒಂದರಿಂದ ಸ್ಕ್ರಿಪ್ಟು ಕೆಡುತ್ತಿದ್ದರೆ ಅರ್ಧ ಮಾಡುತ್ತ ಹೋಗಬೇಕು. ಮೊದಲ ನಾಲ್ಕು ಸಾವಿರವನ್ನಷ್ಟೇ ಓಡಿಸಿ ನೋಡುವುದು. ಕೆಟ್ಟರೆ ಅದರ ಅರ್ಧ, ಇಲ್ಲದಿದ್ದರೆ ಉಳಿದದ್ದರ ಅರ್ಧ. ಹೆಚ್ಚೆಂದರೆ 13 ಸಲಕ್ಕೆ ಆ ಒಂದು ಸಾಲು ಕೈಗೆ ಸಿಗುತ್ತದೆ. ಮೇಲಿಂದ ಒಂದೊಂದಾಗಿ ನೋಡುತ್ತ ಕೂತರೆ ಹಂಗಾಮೇ ಮುಗಿದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಸಹಕಾರಿ ಸಂಘಗಳ ಹಳೆಯ ಗುಮಾಸ್ತರಿಗೆ ಗೊತ್ತಿದ್ದದ್ದು. ಕಿರ್ದಿ ಬರೆಯುವವರು ಪ್ರತಿ ಪುಟದ ಕೆಳಗೆ ಮೊತ್ತ ಹಾಕಿ ಮುಂದಿನ ಪುಟದ ತಲೆಗೆ ಒಯ್ಯುತ್ತಿದ್ದರು. ಸಂಜೆ ಕಿರ್ದಿ-ಖತಾವಣಿ ತಾಳೆಯಾಗದೆ ಮನೆಗೆ ಹೋಗುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅದು ತಾನೇ ಸರಿ ಮಾಡುತ್ತದೆಂದು ಆ ಶಿಸ್ತು ಸಡಿಲಾಯಿತು. ಸ್ಕ್ರಿಪ್ಟಿನ ಕೊನೆಯಲ್ಲಿ ‘ಮುಗಿಯಿತು’ ಎಂಬುದರ ಬದಲು ಇಷ್ಟು ಬರಬೇಕು: ಒಳಗೆ ಬಂದ ಸಾಲುಗಳೆಷ್ಟು, ಬಿಲ್ಲಾದವು ಎಷ್ಟು, ತಡೆಹಿಡಿದವು ಎಷ್ಟು, ಒಳಗೆ ಬಂದ ಟನ್ ಎಷ್ಟು, ಬಿಲ್ಲಾದ ಟನ್ ಎಷ್ಟು, ತಡೆಹಿಡಿದದ್ದು ಎಷ್ಟು. ಬಿಲ್ಲಾದದ್ದು ಮತ್ತು ತಡೆಹಿಡಿದದ್ದು ಸೇರಿ ಒಳಗೆ ಬಂದದ್ದಕ್ಕೆ ಸಮವಾಗದಿದ್ದರೆ ಫೈಲು ಬ್ಯಾಂಕಿಗೆ ಹೋಗಕೂಡದು. ಈಗ ಎಐಗೆ ಹೇಳಿದರೆ ಮ್ಯಾಕ್ರೊ ನಿಮಿಷದಲ್ಲಿ ಬರೆದುಕೊಡುತ್ತದೆ. ಬರೆಯುವುದು ಸುಲಭವಾದಷ್ಟೂ ಈ ತಾಳೆ ನೋಡುವ ಕೆಲಸಕ್ಕೆ ತೂಕ ಹೆಚ್ಚುತ್ತದೆ.

ಒಂದು ಸಾಲಿನ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ಶೇ 10.25ರಷ್ಟು ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಇಪ್ಪತ್ತು ಟನ್ನಿನ ಒಂದು ಚೀಟಿ ಬಿಟ್ಟುಹೋದರೆ, ಕಟಾವು-ಸಾಗಣೆಯ ವೆಚ್ಚ ಕಳೆಯುವ ಮೊದಲು, 71,000 ರೂಪಾಯಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಆ 71,000 ಒಂದು ತಿಂಗಳು ತಡವಾದರೆ ಬಡ್ಡಿಯೇ ಸುಮಾರು 875 ರೂಪಾಯಿ. ಸಾಲು ತಪ್ಪಿದ್ದು ಮ್ಯಾಕ್ರೊದಿಂದ ಎಂಬುದು ಈ ಬಡ್ಡಿಗೆ ವಿನಾಯಿತಿಯಲ್ಲ.

ಆದ್ದರಿಂದ ಸ್ಕ್ರಿಪ್ಟು ಬರೆಯುವ ತಮ್ಮಂದಿರಲ್ಲಿ, ತಂಗಿಯರಲ್ಲಿ ಒಂದು ಕೋರಿಕೆ: ಬಿಲ್ಲಿನ ಪಟ್ಟಿ ಅಂಟಿಸುವ ದಿನವೇ ತಡೆಹಿಡಿದ ಸಾಲುಗಳ ಪಟ್ಟಿಯನ್ನೂ ಕಾರಣ ಸಹಿತ ಅಂಟಿಸುವಂತೆ ನಿಮ್ಮ ಮೇಲಿನವರಿಗೆ ಹೇಳಿ. ರೈತರಲ್ಲಿ, ನೇಕಾರರಲ್ಲಿ, ಯುಕೆಪಿ ಸಂತ್ರಸ್ತರಲ್ಲಿ ಇನ್ನೊಂದು: ತೂಕದ ಚೀಟಿಯ, ಉತಾರದ, ಪಾಸ್‌ಬುಕ್ಕಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹಣ ಬಾರದಿದ್ದರೆ ‘ಯಾವಾಗ ಬರುತ್ತದೆ’ ಎಂದು ಕೇಳಬೇಡಿ. ಚೀಟಿ ನಂಬರು, ತಾರೀಖು, ಟನ್ ಬರೆದು ‘ನನ್ನ ಸಾಲು ಪಟ್ಟಿಯಲ್ಲಿ ಎಷ್ಟನೆಯದು, ಅದರಲ್ಲಿರುವ ಖಾತೆ ಸಂಖ್ಯೆ ಯಾವುದು’ ಎಂದು ಅರ್ಜಿ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.